ಗ್ರಾಫಿಕ್ಸ್ ಕಾರ್ಡಿನ ಬೆಲೆಯೆಷ್ಟು, ಬಾಳುವುದೆಷ್ಟು?

2022ನೆಯ ಇಸವಿಯ ಅಕ್ಟೋಬರ್ 14ರಂದು ಅಮೆರಿಕದ ಎನ್‌ವಿಡಿಯಾ ಕಂಪನಿಯು ವ್ಯಾಪಾರಲೋಕದಲ್ಲಿ ಅಪರೂಪವೆನ್ನಬಹುದಾದ ಒಂದು ಪ್ರಕಟಣೆಯನ್ನು ಹೊರಡಿಸಿತು. ಮೂರು ವಾರಗಳ ಹಿಂದೆ, ಸೆಪ್ಟೆಂಬರ್ 20ರಂದು, ತಾನೇ ಸಂಭ್ರಮದಿಂದ ಘೋಷಿಸಿದ್ದ ಒಂದು ಗ್ರಾಫಿಕ್ಸ್ ಕಾರ್ಡನ್ನು, ಅದು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ, ಹಿಂದಕ್ಕೆ ಕರೆಸಿಕೊಂಡಿತು. ಕಾರ್ಡಿನಲ್ಲಿ ದೋಷವೇನೂ ಇರಲಿಲ್ಲ. ಅದಕ್ಕೆ ಇಟ್ಟ ಹೆಸರು ಸರಿಯಾಗಲಿಲ್ಲ, ಒಂದೇ ಹೆಸರಿನ ಎರಡು ಕಾರ್ಡುಗಳಿಂದ ಜನಕ್ಕೆ ಗೊಂದಲವಾಗುತ್ತಿದೆ ಎಂಬುದು ಕಂಪನಿಯು ಕೊಟ್ಟ ಕಾರಣ. ತೊಟ್ಟಿಲು ಕಟ್ಟಿ, ಹೆಸರಿಟ್ಟು, ಬಂಧುಬಳಗಕ್ಕೆ ಊಟ ಹಾಕಿದ ಮೇಲೆ ನಾಮಕರಣವನ್ನು ರದ್ದುಪಡಿಸಿದಂತಾಯಿತು.

ಈ ಪ್ರಸಂಗವು ಆಟದ ಹುಚ್ಚಿನವರ ಜಗಳವೆಂದು ನಕ್ಕು ಬಿಡುವಂಥದಲ್ಲ. ಗ್ರಾಫಿಕ್ಸ್ ಕಾರ್ಡು ಇಂದು ಆಟಕ್ಕೆ ಬೇಕು, ಚಲಚ್ಚಿತ್ರ ಸಂಕಲನಕ್ಕೆ ಬೇಕು, ಕೃತಕ ಬುದ್ಧಿಮತ್ತೆಯನ್ನು ಅಭ್ಯಸಿಸುವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಬೇಕು. ಮಗನ ಅಥವಾ ಮಗಳ ಓದಿಗೆಂದು ತಂದೆತಾಯಿಗಳು ಕೂಡಿಟ್ಟ ಹಣದಲ್ಲಿ ಅರ್ಧದಷ್ಟು ಒಮ್ಮೊಮ್ಮೆ ಈ ಒಂದು ಹಲಗೆಗೇ ಹೋಗುತ್ತದೆ. ಆದುದರಿಂದ ಹೊಸ ಕಾರ್ಡು ಬಂದಾಗ ಘೋಷಿಸುವ ಬೆಲೆ ಏನನ್ನು ಹೇಳುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ತುಸು ವಿವರವಾಗಿ ನೋಡೋಣ.

ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರವು ಲಕ್ಷಾಂತರ ಚುಕ್ಕೆಗಳಿಂದ ಆದುದು. ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಸೆಕೆಂಡಿಗೆ ಹತ್ತಾರು ಸಲ ಲೆಕ್ಕ ಹಾಕಬೇಕು. ಒಂದು ಚುಕ್ಕೆಯ ಲೆಕ್ಕಕ್ಕಾಗಿ ಇನ್ನೊಂದು ಬಹುಮಟ್ಟಿಗೆ ಕಾಯಬೇಕಾಗಿಲ್ಲ. ಆದ್ದರಿಂದ ಒಬ್ಬ ಮಹಾಪಂಡಿತನಿಗಿಂತ ಸಾವಿರಾರು ಸಾಮಾನ್ಯ ಗುಮಾಸ್ತರು ಏಕಕಾಲದಲ್ಲಿ ಕುಳಿತು ಕೂಡಿಸಿ ಗುಣಿಸುವುದೇ ಇಲ್ಲಿ ಲಾಭಕರ. ಆ ಗುಮಾಸ್ತರೇ ಗ್ರಾಫಿಕ್ಸ್ ಚಿಪ್ಪಿನಲ್ಲಿರುವ ಕೋರ್‌ಗಳು. ಅವರಿಗೆ ಕಡತಗಳನ್ನು ಒದಗಿಸುವ ಉಗ್ರಾಣವೇ ಮೆಮೊರಿ. ಉಗ್ರಾಣಕ್ಕೂ ಗುಮಾಸ್ತರಿಗೂ ನಡುವಿನ ಓಣಿ ಎಷ್ಟು ಅಗಲವೆಂಬುದೂ ಮುಖ್ಯ. ಓಣಿ ಕಿರಿದಾದರೆ ಗುಮಾಸ್ತರು ಕೈಕಟ್ಟಿ ಕುಳಿತಿರಬೇಕಾಗುತ್ತದೆ.

ಈಗ ಆ ಎರಡು ಕಾರ್ಡುಗಳಿಗೆ ಬರೋಣ. ಎರಡರ ಹೆಸರೂ ಆರ್‌ಟಿಎಕ್ಸ್ 4080. ಒಂದಕ್ಕೆ 16 ಗಿಗಾಬೈಟ್ ಮೆಮೊರಿ, ಬೆಲೆ 1,199 ಡಾಲರ್; ಮತ್ತೊಂದಕ್ಕೆ 12 ಗಿಗಾಬೈಟ್, ಬೆಲೆ 899 ಡಾಲರ್. ಇದನ್ನು ಓದಿದ ಯಾರಿಗಾದರೂ ಏನನ್ನಿಸುತ್ತದೆ? ಮನೆ ಎರಡೂ ಒಂದೇ, ಒಂದರ ಅಟ್ಟ ಮಾತ್ರ ದೊಡ್ಡದು ಎಂದಲ್ಲವೇ? ನಿಜಸ್ಥಿತಿ ಹಾಗಿರಲಿಲ್ಲ. 16 ಗಿಗಾಬೈಟಿನ ಕಾರ್ಡಿನಲ್ಲಿದ್ದ ಚಿಪ್ ಎಡಿ103; ಅದರಲ್ಲಿ ಕೆಲಸ ಮಾಡುವ ಕೋರ್‌ಗಳು 9,728. ಇನ್ನೊಂದರಲ್ಲಿದ್ದುದು ಎಡಿ104 ಎಂಬ ಬೇರೆಯೇ ಚಿಪ್; ಅದರಲ್ಲಿ ಕೋರ್‌ಗಳು 7,680. ಓಣಿಯ ಅಗಲ ಮೊದಲನೆಯದಕ್ಕೆ 256 ಬಿಟ್, ಎರಡನೆಯದಕ್ಕೆ 192 ಬಿಟ್. ಸೆಕೆಂಡಿಗೆ ಸಾಗುವ ದತ್ತಾಂಶ ಒಂದರಲ್ಲಿ ಸುಮಾರು 717 ಗಿಗಾಬೈಟ್, ಇನ್ನೊಂದರಲ್ಲಿ 504. ಮೆಮೊರಿಯ ಅಂಕಿಯೊಂದನ್ನೇ ಪೆಟ್ಟಿಗೆಯ ಮೇಲೆ ನೋಡಿದವನಿಗೆ ಈ ವ್ಯತ್ಯಾಸಗಳಲ್ಲಿ ಒಂದೂ ತಿಳಿಯುತ್ತಿರಲಿಲ್ಲ.

ಚಿಪ್ ಬೇರೆಯಾದರೆ ಏನಾಯಿತು ಎಂದು ಕೇಳಬಹುದು. ಬೆಲೆಯ ಬೇರು ಅಲ್ಲಿಯೇ ಇದೆ. ಚಿಪ್ಪುಗಳನ್ನು 300 ಮಿಲಿಮೀಟರು ವ್ಯಾಸದ ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸಿ ಅನಂತರ ಕತ್ತರಿಸುತ್ತಾರೆ. ದುಂಡು ತಟ್ಟೆಗೆ ಹೊಯ್ದ ಕೊಬ್ಬರಿ ಮಿಠಾಯಿಯನ್ನು ಚೌಕವಾಗಿ ಕೊಯ್ಯುವುದನ್ನು ನೆನೆಯಿರಿ. ತುಂಡು ದೊಡ್ಡದಾದಷ್ಟೂ ಅಂಚಿನಲ್ಲಿ ವ್ಯರ್ಥವಾಗುವ ಭಾಗ ಹೆಚ್ಚು. ಇದೇ ಪೀಳಿಗೆಯ ಅತಿ ದೊಡ್ಡ ಚಿಪ್ಪಾದ ಎಡಿ102, ಆರ್‌ಟಿಎಕ್ಸ್ 4090ರಲ್ಲಿರುವಂಥದು, ಸುಮಾರು 608 ಚದರ ಮಿಲಿಮೀಟರು ವಿಸ್ತೀರ್ಣದ್ದು. ಎಡಿ104 ಸುಮಾರು 294. ಜ್ಯಾಮಿತಿಯ ಲೆಕ್ಕದಂತೆ ಒಂದು ಬಿಲ್ಲೆಯಲ್ಲಿ ಮೊದಲನೆಯದು ಸುಮಾರು 89, ಎರಡನೆಯದು ಸುಮಾರು 200 ಹಿಡಿಯುತ್ತವೆ.

ಮಿಠಾಯಿಯಲ್ಲಿ ಅಲ್ಲಲ್ಲಿ ಕಲ್ಲಿನ ಹರಳು ಸೇರಿದೆಯೆಂದುಕೊಳ್ಳಿ. ದೊಡ್ಡ ತುಂಡಿನಲ್ಲಿ ಹರಳು ಸಿಕ್ಕುವ ಸಂಭವ ಹೆಚ್ಚು. ಬಿಲ್ಲೆಯ ಮೇಲೂ ಸೂಕ್ಷ್ಮ ದೋಷಗಳು ಹೀಗೆಯೇ ಹರಡಿರುತ್ತವೆ. ಪ್ರತಿ ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷವೆಂದು ಊಹಿಸಿ, ಕಾಲೇಜಿನಲ್ಲಿ ಕಲಿಯುವ ಪ್ವಾಸೋನ್ ಸೂತ್ರವನ್ನು ಹಚ್ಚಿದರೆ, ದೊಡ್ಡ ಚಿಪ್ಪುಗಳಲ್ಲಿ ನೂರಕ್ಕೆ 54, ಚಿಕ್ಕವುಗಳಲ್ಲಿ ನೂರಕ್ಕೆ 74 ನಿರ್ದೋಷವಾಗಿ ಉಳಿಯುತ್ತವೆ. ಅಂದರೆ ಒಂದು ಬಿಲ್ಲೆಯಿಂದ ದೊಡ್ಡವು 48, ಚಿಕ್ಕವು 150. ವಿಸ್ತೀರ್ಣ ಎರಡರಷ್ಟು, ಒಂದೊಂದಕ್ಕೆ ತಗಲುವ ವೆಚ್ಚವಾದರೋ ಮೂರರಷ್ಟು! ತಯಾರಕರು ಜಾಣರು, ದೋಷವಿರುವ ಭಾಗದ ಕೋರ್‌ಗಳನ್ನು ಮುಚ್ಚಿ ಉಳಿದುದನ್ನು ಮಾರುತ್ತಾರೆ. 4090ರ ಚಿಪ್ಪಿನಲ್ಲಿ ಮೂಡಿಸಿರುವ ಕೋರ್‌ಗಳು 18,432, ತೆರೆದಿರುವುವು 16,384. ಹೀಗಾಗಿ ವೆಚ್ಚದ ಅಂತರ ಸ್ವಲ್ಪ ತಗ್ಗುತ್ತದೆ, ಅಳಿಯುವುದಿಲ್ಲ.

ಗುಮಾಸ್ತರ ಸಂಖ್ಯೆಯೊಂದೇ ಸಾಲದು, ಅವರ ಕೈಚಳಕವೂ ಸೇರಬೇಕು. ಕೋರ್‌ಗಳ ಸಂಖ್ಯೆಯನ್ನು ಸೆಕೆಂಡಿನ ಮಿಡಿತಗಳಿಂದಲೂ ಎರಡರಿಂದಲೂ ಗುಣಿಸಿದರೆ ಸೆಕೆಂಡಿಗೆ ಎಷ್ಟು ಗಣಿತಕ್ರಿಯೆಗಳು ಸಾಧ್ಯವೆಂಬುದು ಬರುತ್ತದೆ. ಒಂದು ಲಕ್ಷ ಕೋಟಿ ಕ್ರಿಯೆಗಳಿಗೆ ಒಂದು ಟೆರಾಫ್ಲಾಪ್ ಎಂದು ಹೆಸರು. 2020ರ ಸೆಪ್ಟೆಂಬರಿನಲ್ಲಿ 699 ಡಾಲರಿಗೆ ಬಂದ ಹಿಂದಿನ ಪೀಳಿಗೆಯ ಆರ್‌ಟಿಎಕ್ಸ್ 3080ರ ಸಾಮರ್ಥ್ಯ ಸುಮಾರು 29.8 ಟೆರಾಫ್ಲಾಪ್, ಭಾಗಿಸಿದರೆ ಟೆರಾಫ್ಲಾಪಿಗೆ 23.5 ಡಾಲರ್ ಬಿತ್ತು. ಎರಡು ವರ್ಷಗಳ ತರುವಾಯ 16 ಗಿಗಾಬೈಟಿನ 4080ರಲ್ಲಿ ಅದೇ ಭಾಗಲಬ್ಧ 24.6. ಹಿಂತೆಗೆದುಕೊಂಡ ಕಾರ್ಡಿನಲ್ಲಿ 22.4. ಎಲ್ಲಕ್ಕೂ ದುಬಾರಿಯಾದ, 1,599 ಡಾಲರಿನ 4090ರಲ್ಲಿ 19.4!

ಈ ನಾಲ್ಕು ಅಂಕಿಗಳನ್ನು ಮತ್ತೊಮ್ಮೆ ನೋಡಿರಿ. ಸಾಮಾನ್ಯವಾಗಿ ಅತ್ಯುತ್ತಮ ದರ್ಜೆಯ ವಸ್ತುವಿಗೆ ಗ್ರಾಹಕನು ಪ್ರಮಾಣಕ್ಕೆ ಮೀರಿ ಹಣ ತೆರುತ್ತಾನೆ. ಇಲ್ಲಿ ತಕ್ಕಡಿ ತಲೆಕೆಳಗಾಗಿತ್ತು. ನಡುವಿನವನಿಗೆ ಎರಡು ವರ್ಷಗಳ ಪ್ರಗತಿಯಲ್ಲಿ ಪಾಲೇ ಸಿಕ್ಕಿರಲಿಲ್ಲ. ಹೊಸ ಬಿಲ್ಲೆಗಳು ದುಬಾರಿ, ಹಿಂದಿನಂತೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುವ ಕಾಲ ಮುಗಿಯಿತು ಎಂದು ಕಂಪನಿಯ ಮುಖ್ಯಸ್ಥರಾದ ಜೆನ್ಸೆನ್ ಹುವಾಂಗ್ ಆಗ ಹೇಳಿದರು. ಆ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಅದೇ ದುಬಾರಿ ಬಿಲ್ಲೆಯಿಂದಲೇ 4090 ಕೂಡ ಬಂದಿತ್ತಲ್ಲ! ಚಿಕ್ಕ ಚಿಪ್ಪಿಗೆ ದೊಡ್ಡಣ್ಣನ ಹೆಸರಿಟ್ಟುದರಲ್ಲಿ ಬಿಲ್ಲೆಯ ತಪ್ಪೇನೂ ಇಲ್ಲವೆಂದೇ ನನ್ನ ಎಣಿಕೆ.

ಮುಂದೆ ನಡೆದುದು ಸ್ವಾರಸ್ಯವಾಗಿದೆ. ಹಿಂತೆಗೆದುಕೊಂಡ ಕಾರ್ಡು 2023ರ ಜನವರಿಯಲ್ಲಿ ಆರ್‌ಟಿಎಕ್ಸ್ 4070 ಟಿಐ ಎಂಬ ಹೆಸರಿನಿಂದ ಮತ್ತೆ ಬಂತು. ಅದೇ ಚಿಪ್, ಅದೇ 12 ಗಿಗಾಬೈಟ್. ಬೆಲೆ ಮಾತ್ರ 799 ಡಾಲರ್. 2024ರ ಜನವರಿ ಕೊನೆಗೆ ಎಡಿ103ರ ಎಲ್ಲ 10,240 ಕೋರ್‌ಗಳನ್ನೂ ತೆರೆದ 4080 ಸೂಪರ್ 999 ಡಾಲರಿಗೆ ಬಂತು.

ಘೋಷಿತ ಬೆಲೆಯೆಂಬುದು ಎಷ್ಟು ತಾತ್ಕಾಲಿಕವೆಂಬುದಕ್ಕೆ ಪ್ರತಿಸ್ಪರ್ಧಿಯಾದ ಎಎಮ್‌ಡಿ ಕಂಪನಿಯ ಉದಾಹರಣೆಯೂ ಇದೆ. 2019ರ ಜೂನ್ 10ರಂದು ಅದು ತನ್ನ ಆರ್‌ಎಕ್ಸ್ 5700 ಎಕ್ಸ್‌ಟಿ ಕಾರ್ಡಿಗೆ 449 ಡಾಲರ್ ಎಂದು ಸಾರಿತು; ಮಾರಾಟಕ್ಕೆ ಎರಡು ದಿನವಿರುವಾಗ, ಜುಲೈ 5ರಂದು, 399ಕ್ಕೆ ಇಳಿಸಿತು. ಇಳಿದುದು ಗ್ರಾಹಕನ ಪುಣ್ಯ. ಏರುವುದೂ ಉಂಟು. ಚಿಪ್ಪನ್ನು ವಿನ್ಯಾಸಗೊಳಿಸುವವರು ಒಬ್ಬರು, ತೈವಾನಿನ ಕಾರ್ಖಾನೆಯಲ್ಲಿ ಅದನ್ನು ಮಾಡುವವರು ಮತ್ತೊಬ್ಬರು, ಹಲಗೆಗೆ ಕೂರಿಸಿ ಬೀಸಣಿಗೆ ಹಚ್ಚಿ ಮಾರುವ ಕಂಪನಿಗಳು ಬೇರೆ, ಅನಂತರ ಸಗಟು ವ್ಯಾಪಾರಿ, ಕಡೆಗೆ ಅಂಗಡಿಯವನು. ವೇದಿಕೆಯ ಮೇಲೆ ಸಾರುವ ಬೆಲೆಯು ಇವರೆಲ್ಲರಿಗೂ ಒಂದು ಸೂಚನೆ ಮಾತ್ರ. 2021ರಲ್ಲಿ ಈಥೀರಿಯಮ್ ಎಂಬ ಗೂಢಲಿಪಿ ನಾಣ್ಯವನ್ನು ಗಳಿಸಲು ಜನ ಕಾರ್ಡುಗಳಿಗೆ ಮುಗಿಬಿದ್ದಾಗ, 699 ಡಾಲರಿನ 3080 ಅನೇಕ ಕಡೆ ಅದರ ಇಮ್ಮಡಿಗಿಂತ ಹೆಚ್ಚಿಗೆ ಬಿಕರಿಯಾಯಿತು. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯದ ವ್ಯವಸ್ಥೆ ಬದಲಾಗಿ ಅದನ್ನು ಕಾರ್ಡುಗಳಿಂದ ಗಳಿಸುವುದು ನಿಂತುಹೋಯಿತು. ಮರುದಿನವೇ, ಎನ್‌ವಿಡಿಯಾದ ಹಲಗೆಗಳನ್ನು ಎರಡು ದಶಕಗಳ ಕಾಲ ಮಾರಿದ್ದ ಇವಿಜಿಎ ಕಂಪನಿಯು ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರವನ್ನೇ ಬಿಡುವುದಾಗಿ ತಿಳಿಸಿತು.

ನಮ್ಮ ನಾಡಿನ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. ಅಮೆರಿಕದಲ್ಲಿ ಸಾರುವ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಭಾರತದಲ್ಲಿ ಸಾರುವ ಬೆಲೆಯಲ್ಲಿ ನೂರಕ್ಕೆ 18ರ ಸರಕು ಮತ್ತು ಸೇವಾ ತೆರಿಗೆ ಸೇರಿರುತ್ತದೆ. 2025ರಲ್ಲಿ 549 ಡಾಲರಿನ ಆರ್‌ಟಿಎಕ್ಸ್ 5070 ಇಲ್ಲಿ 59,000 ರೂಪಾಯಿಯ ಆರಂಭಿಕ ಬೆಲೆಗೆ ಬಂತು. ತೆರಿಗೆಯನ್ನು ಕಳೆದರೆ ಉಳಿಯುವುದು 50,000. ಡಾಲರಿಗೆ 86 ರೂಪಾಯಿಯಂತೆ 549 ಡಾಲರ್ ಎಂದರೆ ಸುಮಾರು 47,200. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವನನ್ನು ಸುಲಿಗೆಗಾರನೆಂದು ಬಯ್ಯುವ ಮೊದಲು ಈ ಭಾಗಾಕಾರವನ್ನು ಒಮ್ಮೆ ಮಾಡುವುದು ನ್ಯಾಯ.

ಆ 5070ರ ಕಥೆ ಬೆಲೆಗಿಂತ ಅಳತೆಗೋಲಿನ ಗೊಂದಲಕ್ಕೆ ಸಂಬಂಧಿಸಿದ್ದು. 2025ರ ಜನವರಿ 6ರಂದು ಹುವಾಂಗ್ ಅವರು 549 ಡಾಲರಿಗೆ 4090ರ ಸಾಮರ್ಥ್ಯ ದೊರೆಯುವುದೆಂದು ವೇದಿಕೆಯಿಂದ ಸಾರಿದರು. 5070ರ ಕೋರ್‌ಗಳು 6,144. 4090ರವು, ಆಗಲೇ ನೋಡಿದಂತೆ, 16,384. ಈ ಪವಾಡ ಹೇಗೆ ಸಾಧ್ಯ?

ಸಾಮರ್ಥ್ಯವನ್ನು ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬ ಅಂಕಿಯಿಂದ ಅಳೆಯುವುದು ರೂಢಿ. ಹೊಸ ಕಾರ್ಡು, ಲೆಕ್ಕ ಹಾಕಿ ಬರೆದ ಪ್ರತಿಯೊಂದು ಚಿತ್ರಕ್ಕೂ ಮೂರು ಚಿತ್ರಗಳವರೆಗೆ ಊಹೆಯಿಂದ ರಚಿಸಿ ನಡುವೆ ಸೇರಿಸಬಲ್ಲದು. 4090 ಒಂದನ್ನು ಮಾತ್ರ ಸೇರಿಸುತ್ತದೆ. ಹೋಲಿಕೆಯಲ್ಲಿ ಈ ಊಹಾಚಿತ್ರಗಳನ್ನೂ ಎಣಿಸಲಾಗಿತ್ತು. ಕಾರ್ಡು ನಿಜವಾಗಿ ಸೆಕೆಂಡಿಗೆ 30 ಚಿತ್ರಗಳನ್ನು ಬರೆಯುತ್ತಿದೆ ಎಂದಿಟ್ಟುಕೊಳ್ಳಿ. ಎರಡು ನಿಜಚಿತ್ರಗಳ ನಡುವಿನ ಅವಧಿ 33 ಮಿಲಿಸೆಕೆಂಡು. ಮೂರು ಊಹಾಚಿತ್ರಗಳು ಸೇರಿದರೆ ಪರದೆಯ ಮೂಲೆಯ ಅಂಕಿ 120 ಎನ್ನುತ್ತದೆ, ಕಣ್ಣಿಗೆ ಚಲನೆ ನುಣುಪಾಗಿ ಕಾಣುತ್ತದೆ. ಆದರೆ ಆಡುವವನ ಕೈಚಲನೆಯನ್ನು ಯಂತ್ರವು ಗಮನಿಸುವುದು ನಿಜಚಿತ್ರವನ್ನು ಬರೆಯುವಾಗ ಮಾತ್ರ. ಜೊತೆಗೆ, ನಡುವಿನ ಚಿತ್ರವನ್ನು ಊಹಿಸಲು ಮುಂದಿನ ನಿಜಚಿತ್ರ ಸಿದ್ಧವಾಗಿರಬೇಕು. ಅದನ್ನು ಕ್ಷಣಕಾಲ ತಡೆಹಿಡಿಯಬೇಕು. ಹೀಗೆ ನುಣುಪು ಹೆಚ್ಚಿದರೂ ಕೈಗೆ ಸಿಗುವ ಉತ್ತರ ಬೇಗ ಬಾರದೆ ತುಸು ತಡವೇ ಆಗುತ್ತದೆ. ಉಪಾಯವು ಉಪಯುಕ್ತವೇ, ವಿಜ್ಞಾನದ ದೃಷ್ಟಿಯಿಂದ ಸುಂದರವೂ ಹೌದು. ಆದರೆ ಎರಡು ಯಂತ್ರಗಳನ್ನು ಹೋಲಿಸುವಾಗ ಒಂದಕ್ಕೆ ಒಂದು ಗಜ, ಇನ್ನೊಂದಕ್ಕೆ ಮತ್ತೊಂದು ಗಜ ಹಿಡಿಯುವುದು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಡೆಯದು. ಮಾರ್ಚಿನಲ್ಲಿ ಕಾರ್ಡು ಪರೀಕ್ಷಕರ ಕೈಸೇರಿದಾಗ, ಊಹಾಚಿತ್ರಗಳಿಲ್ಲದ ಅಳತೆಯಲ್ಲಿ ಅದು 4090ಕ್ಕಿಂತ ಬಹಳ ಹಿಂದೆ, ಹಳೆಯ 4070 ಸೂಪರಿನ ಆಸುಪಾಸಿನಲ್ಲಿ ನಿಂತಿತು.

ಒಂದೇ ಹೆಸರಿನ ಜೋಡಿ ಕಾರ್ಡುಗಳು ಅನಂತರವೂ ಬಂದಿವೆ. 2025ರ ಏಪ್ರಿಲಿನ ಆರ್‌ಟಿಎಕ್ಸ್ 5060 ಟಿಐ 8 ಗಿಗಾಬೈಟಿಗೆ 379 ಡಾಲರ್, 16 ಗಿಗಾಬೈಟಿಗೆ 429. ಇಲ್ಲಿ ಚಿಪ್ ಒಂದೇ; ಅಟ್ಟ ಮಾತ್ರ ಬೇರೆ ಎಂಬ ಮಾತು ಈ ಸಲ ನಿಜ. ಹಾಗಾದರೆ 50 ಡಾಲರ್ ಉಳಿಸಬಹುದೇ? ಆಟದ ದತ್ತಾಂಶ 8 ಗಿಗಾಬೈಟಿನೊಳಗೆ ಅಡಗಿದರೆ ಉಳಿಸಬಹುದು. ಮೀರಿದರೆ ಹೆಚ್ಚಿನದನ್ನು ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ತರಬೇಕು. ಕಾರ್ಡಿನ ಸ್ವಂತ ಮೆಮೊರಿಯ ಸಾಗಣೆ ಸೆಕೆಂಡಿಗೆ 448 ಗಿಗಾಬೈಟ್. ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಯ ಎಂಟು ಎಳೆಗಳನ್ನು ಮಾತ್ರ ಈ ಕಾರ್ಡು ಬಳಸುತ್ತದೆ. ಐದನೆಯ ಪೀಳಿಗೆಯ ಹೊಸ ಮದರ್‌ಬೋರ್ಡಿನಲ್ಲಿ ಅದರ ಸಾಗಣೆ ಸುಮಾರು 32 ಗಿಗಾಬೈಟ್, ಅಂದರೆ ಹದಿನಾಲ್ಕರಲ್ಲಿ ಒಂದು ಪಾಲು. ಹೊಸ ಕಂಪ್ಯೂಟರು ಕೊಳ್ಳಲಾಗದೆ, ಮನೆಯಲ್ಲಿರುವ ಹಳೆಯದಕ್ಕೇ ಅಗ್ಗದ ಕಾರ್ಡನ್ನು ಸಿಕ್ಕಿಸಿ ಕೆಲಸ ಸಾಗಿಸುವವರು ನಮ್ಮಲ್ಲಿ ಬಹಳ ಮಂದಿ. ಅದರ ಮದರ್‌ಬೋರ್ಡು ಮೂರನೆಯ ಪೀಳಿಗೆಯದಾಗಿದ್ದರೆ ಅದೇ ದಾರಿಯಲ್ಲಿ ಸೆಕೆಂಡಿಗೆ ಸಾಗುವುದು ಸುಮಾರು 8 ಗಿಗಾಬೈಟ್: ಐವತ್ತಾರರಲ್ಲಿ ಒಂದು ಪಾಲು.