ಮೋಸುಲಿನ ಗೂನು ಮಿನಾರು

ಇರಾಕಿನ ಮೋಸುಲ್ ನಗರದವರು ತಮ್ಮ ದೊಡ್ಡ ಮಸೀದಿಯ ಮಿನಾರನ್ನು ‘ಅಲ್ ಹದ್ಬಾ’ ಎಂದು ಕರೆಯುತ್ತಾರೆ. ಹದ್ಬಾ ಎಂದರೆ ಗೂನು ಬೆನ್ನಿನವಳು. ನಮ್ಮಲ್ಲಿ ‘ಗೂನಜ್ಜಿ’ ಎಂದರೆ ಆ ಸಲಿಗೆ ಬಂದೀತೇನೋ.

ನೂರುದ್ದೀನ್ ಜಂಗಿ ಎಂಬ ದೊರೆ ಕಟ್ಟಿಸಿದ ಈ ಮಸೀದಿ 1172ರ ವೇಳೆಗೆ ಸಿದ್ಧವಾಯಿತು. ಚೌಕನೆಯ ಪೀಠ, ಅದರ ಮೇಲೆ ದುಂಡನೆಯ ಕಂಬ. ಮಿನಾರಿನ ಎತ್ತರ ಸುಮಾರು 45 ಮೀಟರು. ಕಲ್ಲಿನ ಕೆತ್ತನೆಗೆ ಒಗ್ಗಿದ ನಮ್ಮ ಕಣ್ಣಿಗೆ ಇದರ ಅಲಂಕಾರದ ಬಗೆ ಹೊಸತು. ಇಲ್ಲಿ ಉಳಿಗೆ ಕೆಲಸವಿಲ್ಲ. ಅದೇ ಇಟ್ಟಿಗೆಯನ್ನು ಒಂದೆಡೆ ಮಲಗಿಸಿ, ಒಂದೆಡೆ ನಿಲ್ಲಿಸಿ, ತುಸು ಹೊರಚಾಚಿಸಿ, ತುಸು ಒಳಸರಿಸಿ ಕಟ್ಟುತ್ತ ಹೋದಂತೆ ಗೋಡೆಯೇ ಚಿತ್ತಾರವಾಗುತ್ತದೆ. ಪಾರಸಿಯಲ್ಲಿ ಈ ಕುಸುರಿಗೆ ‘ಹಜಾರ್ ಬಾಫ್’, ಅಂದರೆ ಸಾವಿರ ನೇಯ್ಗೆ, ಎಂಬ ಹೆಸರಿದೆ. ಮಗ್ಗವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಏಳು ಪಟ್ಟಿಗಳು ಒಂದರ ಮೇಲೊಂದಾಗಿ ಕಂಬವನ್ನು ಸುತ್ತಿವೆ. ಬಿಸಿಲು ತಿರುಗಿದಂತೆ ಅವುಗಳ ನೆರಳೂ ತಿರುಗುತ್ತದೆ. ಒಳಗೆ ಎರಡು ಸುರುಳಿ ಮೆಟ್ಟಿಲುಗಳು ಒಂದನ್ನೊಂದು ಹೆಣೆದುಕೊಂಡು ಏರುತ್ತವೆ. ಹತ್ತುವವನಿಗೂ ಇಳಿಯುವವನಿಗೂ ದಾರಿಯಲ್ಲಿ ಭೇಟಿಯೇ ಇಲ್ಲ.

ಇನ್ನು ಗೂನಿನ ವಿಚಾರ. ಪ್ರವಾದಿ ಸ್ವರ್ಗಕ್ಕೇರುವಾಗ ಮಿನಾರು ತಲೆಬಾಗಿತಂತೆ. ಪ್ರವಾದಿಯ ಕಾಲಕ್ಕೂ ಮಿನಾರಿಗೂ ಐದು ಶತಮಾನಗಳ ಅಂತರವಿದೆಯಲ್ಲ ಎಂದು ಕೇಳಬಾರದು. ಕತೆಗೆ ಕಾಲದ ಹಂಗಿಲ್ಲ. ಊರಿನ ಕ್ರೈಸ್ತರದು ಬೇರೆ ಕತೆ: ಅದು ಬಾಗಿದ್ದು ಮೇರಿಮಾತೆಯ ಸಮಾಧಿಯ ಕಡೆಗೆ. ತಜ್ಞರು ಮಾತ್ರ ಬಿಸಿಲಿನ ಕಾವು, ಬೀಸುಗಾಳಿ, ಮೆದು ಗಾರೆ ಎನ್ನುತ್ತಾರೆ. ಮೂರು ವಿವರಣೆಗಳೂ ಒಂದೇ ಊರಿನಲ್ಲಿ ಜಗಳವಾಡದೆ ಇದ್ದವು ಎಂಬುದೇ ನನಗೆ ಹೆಚ್ಚಿನ ಸಂಗತಿ.

2014ರಲ್ಲಿ ಐಸಿಸ್ ಪಡೆ ನಗರವನ್ನು ಹಿಡಿಯಿತು. ಮಿನಾರನ್ನು ಉರುಳಿಸಲು ಬಂದವರೆದುರು ಊರವರು ಕೈಕೈ ಹಿಡಿದು ನಿಂತರೆಂದು ಆಗಿನ ವರದಿಗಳು ಹೇಳಿದವು. ಆದರೆ 2017ರ ಜೂನ್ 21ರಂದು, ಇರಾಕಿ ಸೇನೆ ಸಮೀಪಿಸುತ್ತಿದ್ದಂತೆ, ಸಿಡಿಮದ್ದಿಗೆ ಅದು ಬಲಿಯಾಯಿತು. ಉಳಿದದ್ದು ಬುಡ ಮಾತ್ರ.

ಮತ್ತೆ ಕಟ್ಟುವುದಾದರೆ ನೆಟ್ಟಗೆ ಕಟ್ಟುವುದೋ, ಬಾಗಿಸಿಯೋ? ಎಂಜಿನಿಯರನ ವಿದ್ಯೆಗೆ ವಾಲಿಕೆ ದೋಷ; ಅದನ್ನು ಲೆಕ್ಕ ಹಾಕಿ ಕಟ್ಟುವುದು ನಟನೆಯೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆನಿಸದು. ನೆಟ್ಟಗೆ ನಿಂತ ಮಿನಾರನ್ನು ಮೋಸುಲಿನ ಯಾವ ತಲೆಮಾರು ನೆನಪಿಟ್ಟುಕೊಂಡಿತ್ತು? ಯುನೆಸ್ಕೊದ ನೆರವಿನಿಂದ ಅವಶೇಷಗಳಲ್ಲಿ ಆಯ್ದ ಇಟ್ಟಿಗೆಗಳೇ ಸುಮಾರು 45,000. ಹಳೆಯವನ್ನು ಹೊಸವುಗಳ ಜೊತೆ ಸೇರಿಸಿ, ಹಳೆಯ ಛಾಯಾಚಿತ್ರಗಳನ್ನು ನೋಡಿ ನೇಯ್ಗೆಯನ್ನು ಕೂಡಿಸಿದರು. 2025ರ ಸೆಪ್ಟೆಂಬರಿನಲ್ಲಿ ಮಸೀದಿ ಮತ್ತೆ ತೆರೆದಾಗ ಮಿನಾರು ಮೊದಲಿನಂತೆಯೇ ಬಾಗಿ ನಿಂತಿತ್ತು.