ಎರಿ ಮಣ್ಣಿನ ಎಡಗೈ

ತೊಗರಿ ರಾಶಿ ಮುಗಿದ ಮೇಲೆ ಜೇವರ್ಗಿ ಕಡೆಯ ಅಂದೋಲಾ ಸುತ್ತಿನ ಹೊಲಗಳು ಬರಿದಾಗಿ ಬಿದ್ದಿರುತ್ತವೆ. ಕೊಯ್ದ ಕೂಳೆ ಕಾಲಿಗೆ ಚುಚ್ಚುತ್ತದೆ. ಅಲ್ಲಲ್ಲಿ ಹತ್ತಿ ಬಿಡಿಸುವ ಕೊನೆಯ ಕೆಲಸ ನಡೆದಿರುತ್ತದೆ. ಅದರಾಚೆ ಹಿಂಗಾರಿ ಜೋಳ ತೆನೆ ತುಂಬಿಕೊಂಡು ನಿಂತಿರುತ್ತದೆ. ಸಂಜೆ ಶಾಲೆ ಬಿಟ್ಟ ಹುಡುಗರು ಗಟ್ಟಿ ನೆಲ ಹುಡುಕಿ ಮೂರು ತೊಗರಿ ಕಟಗಿ ನೆಡುತ್ತಾರೆ. ಎರಿಯ ಬಿರುಕಿಗೆ ಬಿದ್ದ ಚೆಂಡು ಎತ್ತ ಹೊರಳುತ್ತದೋ ಹಾಕಿದವನಿಗೂ ಗೊತ್ತಿಲ್ಲ, ಬ್ಯಾಟು ಹಿಡಿದವನಿಗೂ ಗೊತ್ತಿಲ್ಲ. ಜಾಲಿಗಿಡದ ಬುಡ ಸೇರಿದ ಚೆಂಡನ್ನು ತರುವ ಕೆಲಸ ಮಾತ್ರ ಬದುವಿನ ಮೇಲೆ ನಿಂತ ಹುಡುಗಿಯರದು. “ಏ ತಂಗಿ, ಚೆಂಡ್ ಒಗಿ!” ಅವಳು ಒಗೆಯುತ್ತಾಳೆ. ನೇರವಾಗಿ, ಕಟಗಿಯ ಹತ್ತಿರಕ್ಕೇ. ಆಟ ಮುಂದುವರಿಯುತ್ತದೆ, ಆ ತೋಳನ್ನು ಯಾರೂ ಗಮನಿಸುವುದಿಲ್ಲ.

ಕಾಲಡಿಯ ಈ ಮಣ್ಣಿಗೆ ದೊಡ್ಡ ಮೈದಾನಗಳಲ್ಲಿ ಭಾರಿ ಬೇಡಿಕೆಯಿದೆ. ಜಿಗುಟು ಹೆಚ್ಚಿರುವ ಕಪ್ಪು ಮಣ್ಣನ್ನು ಹಾಸಿ, ನೀರುಣಿಸಿ, ರೋಲರ್ ಎಳೆದು ಪಿಚ್ ಕಟ್ಟುತ್ತಾರೆ. ಕೆಂಪು ಮಣ್ಣಿನ ಪಿಚ್‌ನಲ್ಲಿ ಚೆಂಡು ಪುಟಿಯುತ್ತದೆ. ಕಪ್ಪು ಮಣ್ಣಿನಲ್ಲಿ ತಗ್ಗಿ, ನಿಧಾನಕ್ಕೆ ಬರುತ್ತದೆ. ಅವಸರವಿಲ್ಲದ ಸ್ಪಿನ್ನರ್‌ಗೆ ಇದಕ್ಕಿಂತ ಒಳ್ಳೆಯ ನೆಲ ಬೇಡ. ಇಂಥ ಮಣ್ಣಿನ ರಾಶಿಯ ಮೇಲೇ ಕುಳಿತ ನಮ್ಮ ಹಳ್ಳಿಗಳಿಗೆ 22 ಗಜದ ಒಂದು ಪಿಚ್ ದಕ್ಕಿಲ್ಲ.

ಕಲಬುರಗಿಯಿಂದ ಭೀಮಾ ದಾಟಿ ಜೇವರ್ಗಿಗೆ ಬರುವ ಹೆದ್ದಾರಿ ಸಿಂದಗಿಯ ಮೇಲೆ ಹಾದು ವಿಜಯಪುರ ಸೇರುತ್ತದೆ. ದಾರಿಯುದ್ದಕ್ಕೂ ಇದೇ ಎರಿ, ಇದೇ ಬಿಸಿಲು, ಇದೇ ಜೋಳದ ರೊಟ್ಟಿ. ಆ ದಾರಿಯ ಕೊನೆಯ ಊರಿನವರು ಭಾರತದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ. ಹುಟ್ಟಿದ್ದು 1991ರ ಜೂನ್ 1ರಂದು. ತಂದೆ ಶಾಲಾ ಮಾಸ್ತರರು. ಹುಡುಗಿ ಮೊದಲು ಹಿಡಿದದ್ದು ಚೆಂಡನ್ನಲ್ಲ, ಜಾವೆಲಿನ್ ಮತ್ತು ಡಿಸ್ಕಸ್ಸನ್ನು. ಮಹಿಳಾ ಕ್ರಿಕೆಟ್ಟಿನ ಆಡಳಿತ 2006ರಲ್ಲಿ ಬಿಸಿಸಿಐ ಕೈಗೆ ಬಂತು. ಅದರ ಬೆನ್ನಿಗೇ 2007ರ ಸುಮಾರಿಗೆ ವಿಜಯಪುರದಲ್ಲಿ ಹುಡುಗಿಯರ ಕ್ರಿಕೆಟ್ ತರಬೇತಿ ಶುರುವಾದಾಗ ತಂದೆಯೇ ಮಗಳನ್ನು ಅಲ್ಲಿಗೆ ಸೇರಿಸಿದರು. ಮೊದಲು ವೇಗವಾಗಿ ಹಾಕುತ್ತಿದ್ದವರು ಆಮೇಲೆ ಸ್ಪಿನ್ನಿಗೆ ಬಂದರು. ಹದಿನಾರು ದಾಟಿದ ಮೇಲೆ ಶುರುವಾದ ಆಟ; ಬೆಂಗಳೂರಿನ ಅಕಾಡೆಮಿಗಳ ಲೆಕ್ಕದಲ್ಲಿ ತಡವಾಯಿತು ಅನ್ನಬೇಕು.

ಅವರ ಬೌಲಿಂಗಿನಲ್ಲಿ ಆಡಂಬರವಿಲ್ಲ. ನಾಲ್ಕಾರು ಹೆಜ್ಜೆಯ ಓಟ, ತೋಳು ಕಿವಿಯ ಪಕ್ಕದಿಂದ ಇಳಿಯುತ್ತದೆ, ಚೆಂಡು ಸ್ಟಂಪಿನ ಸಾಲಿಗೇ ಬರುತ್ತದೆ. ಒಂದು ಹೊರಕ್ಕೆ ತಿರುಗಿದರೆ ಮುಂದಿನದು ತಿರುಗದೆ ನೇರ ನುಗ್ಗುತ್ತದೆ. ಹೊಡೆಯಲು ಜಾಗವಿಲ್ಲ, ಬಿಡಲು ಧೈರ್ಯವಿಲ್ಲ. ಮೂರು ಓವರ್ ಹೀಗೆ ಕಟ್ಟಿಹಾಕಿದರೆ ನಾಲ್ಕನೆಯದರಲ್ಲಿ ಬ್ಯಾಟರ್ ತಾನೇ ತಪ್ಪು ಮಾಡುತ್ತಾಳೆ.

ಈ ತಾಳ್ಮೆ ಬೆಳೆದದ್ದು ಟಿವಿಯವರು ಸುಳಿಯದ ಮೈದಾನಗಳಲ್ಲಿ, ಕರ್ನಾಟಕಕ್ಕೆ, ಮುಂದೆ ರೈಲ್ವೆಗೆ ಆಡಿದ ವರ್ಷಗಳಲ್ಲಿ. ಮಹಿಳೆಯರ ದೇಶೀ ಪಂದ್ಯ ನೋಡಿದವರಿಗೆ ಆ ಚಿತ್ರ ಗೊತ್ತು: ಬೆಳಗಿನ ಇಬ್ಬನಿ ಆರದ ಹುಲ್ಲು, ಖಾಲಿ ಮೆಟ್ಟಿಲು, ಮರದ ನೆರಳಲ್ಲಿ ಸ್ಕೋರರ್, ಬೌಂಡರಿಯಾಚೆ ಕಿಟ್ ಬ್ಯಾಗುಗಳ ಸಾಲು. ವಿಕೆಟ್ ಬಿದ್ದರೆ ಚಪ್ಪಾಳೆ ತಟ್ಟುವವರು ಹತ್ತು ಮಂದಿ, ಅವರೂ ಸಹ ಆಟಗಾರ್ತಿಯರೇ. ಹಿರಿಯ ಮಹಿಳೆಯರ ಪಂದ್ಯ ಶುಲ್ಕ 2021ರವರೆಗೆ 12,500 ರೂಪಾಯಿ, ಆಮೇಲೆ 2025ರವರೆಗೆ 20,000 ಇತ್ತು. ಹೀಗಿರುವಾಗ ರೈಲ್ವೆ ತಂಡ ವರ್ಷಾನುಗಟ್ಟಲೆ ದೇಶೀ ಪ್ರಶಸ್ತಿಗಳನ್ನು ಬಾಚಿಕೊಂಡದ್ದರಲ್ಲಿ ಅಚ್ಚರಿಯಿಲ್ಲ: ಅದು ಕೆಲಸ ಕೊಡುತ್ತಿತ್ತು. 1995ರಲ್ಲಿ ಜಮ್ಶೆಡ್‌ಪುರದ ಟೆಸ್ಟ್‌ನಲ್ಲಿ ಇಂಗ್ಲೆಂಡಿನ 8 ವಿಕೆಟ್‌ಗಳನ್ನು 53 ರನ್ನಿಗೆ ಕಿತ್ತ ಎಡಗೈ ಸ್ಪಿನ್ನರ್ ನೀತು ಡೇವಿಡ್ ಕೂಡ ರೈಲ್ವೆಯವರೇ.

2014ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧ ರಾಜೇಶ್ವರಿ ಭಾರತದ ಪರ ಮೊದಲ ಪಂದ್ಯ ಆಡಿದರು; ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮೊದಲ ಟೆಸ್ಟ್. ಅದೇ ವರ್ಷ ತಂದೆ ತೀರಿಕೊಂಡರು. ಮನೆಯ ಭಾರ ಮಗಳ ಮೇಲೆ ಬಿತ್ತು.

ಲೋಕ ಅವರನ್ನು ನೋಡಿದ್ದು 2017ರ ಜುಲೈ 15ರಂದು, ಇಂಗ್ಲೆಂಡಿನ ಡರ್ಬಿಯಲ್ಲಿ. ಆ ವರ್ಷದ ವಿಶ್ವಕಪ್‌ನಲ್ಲಿ ಅದೇ ಅವರಿಗೆ ಸಿಕ್ಕ ಮೊದಲ ಪಂದ್ಯ. ಗೆದ್ದರೆ ಸೆಮಿಫೈನಲ್, ಸೋತರೆ ಮನೆಗೆ. ಮಿಥಾಲಿ ರಾಜ್ 109 ಹೊಡೆದರು, ಕಡೂರಿನ ವೇದಾ ಕೃಷ್ಣಮೂರ್ತಿ ಬೀಸಿ 70 ತಂದರು; ಭಾರತದ 265 ಬೆನ್ನಟ್ಟಿದ ನ್ಯೂಜಿಲೆಂಡ್ 79ಕ್ಕೆ ಉರುಳಿತು. ರಾಜೇಶ್ವರಿ ಲೆಕ್ಕಕ್ಕೆ 15 ರನ್ನಿಗೆ 5 ವಿಕೆಟ್. ಎಂಟು ದಿನದ ನಂತರ ಲಾರ್ಡ್ಸ್‌ನ ಫೈನಲ್‌ನಲ್ಲಿ ಇಂಗ್ಲೆಂಡಿನ ಆರಂಭದ ಜೊತೆಯಾಟ ಮುರಿದವರೂ ಅವರೇ, ಕೊನೆಗೆ ಬೌಲರ್ ಶ್ರಬ್ಸೋಲ್ ಎಸೆತಕ್ಕೆ ಸ್ಟಂಪ್ ಕಳೆದುಕೊಂಡ ಕೊನೆಯ ಬ್ಯಾಟರ್ ಕೂಡ ಅವರೇ. ಭಾರತ 9 ರನ್ನಿಂದ ಸೋತಿತು. ಊರಿಗೆ ಬಂದಾಗ ಸಚಿವರೊಬ್ಬರು ಕಾರು ಕೊಡಲು ಮುಂದಾದರು. ಕಾರು ಬೇಡ, ಮನೆಯವರಿಗೆ ಇರಲು ಸೂರು ಬೇಕು ಎಂದರು ರಾಜೇಶ್ವರಿ. ನನ್ನ ಕಣ್ಣಿಗೆ ಅವರ ಐದು ವಿಕೆಟ್‌ಗಳಿಗಿಂತ ಈ ಮಾತೇ ದೊಡ್ಡದಾಗಿ ಕಾಣುತ್ತದೆ.

ಆಮೇಲೂ ಆ ತೋಳು ದಣಿಯಲಿಲ್ಲ. 2022ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ 31 ರನ್ನಿಗೆ 4 ವಿಕೆಟ್. ಏಕದಿನದ ಒಟ್ಟು ಲೆಕ್ಕ ನೂರರ ಹತ್ತಿರಕ್ಕೆ ಬಂತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾದಾಗ ಯುಪಿ ವಾರಿಯರ್ಸ್ ತಂಡ 40 ಲಕ್ಷಕ್ಕೆ ಅವರನ್ನು ಕೊಂಡಿತು. ಮರುವರ್ಷ ಅದೇ ಲೀಗಿನ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತು ಆರ್‌ಸಿಬಿಗೆ ಕಪ್ ತಂದ ಶ್ರೇಯಾಂಕಾ ಪಾಟೀಲ ನಮ್ಮ ಕಲಬುರಗಿ ಮೂಲದವರು. ಆದರೆ ಆಟ ಕಲಿತದ್ದು ಬೆಂಗಳೂರಿನಲ್ಲಿ.

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದರು. ಆ ತಂಡದ ಎಡಗೈ ಸ್ಪಿನ್ನರ್‌ಗಳಲ್ಲಿ ಒಬ್ಬರಾದ ಶ್ರೀ ಚರಣಿ ಆಂಧ್ರದ ಕಡಪಾ ಜಿಲ್ಲೆಯ ಹಳ್ಳಿಯವರು. ಕರ್ನಾಟಕದ ಆಟಗಾರ್ತಿ ಒಬ್ಬರೂ ಇರಲಿಲ್ಲ. ಆಯ್ಕೆಗಾರರನ್ನು ದೂರುವ ಮೊದಲು ಜೇವರ್ಗಿ, ಆಳಂದ, ಅಫಜಲಪುರದ ಒಬ್ಬ ಹುಡುಗಿಗೆ ವರ್ಷದಲ್ಲಿ ಎಷ್ಟು ಪಂದ್ಯ ಆಡಲು ಸಿಗುತ್ತದೆ ಎಂದು ನಿಮ್ಮ ಊರಿನ ಶಾಲೆಯ ಪಿಟಿ ಮಾಸ್ತರರನ್ನು ಒಮ್ಮೆ ಕೇಳಿ ನೋಡಿ.