ಕಡಲತೀರದ ಮರಳಿನ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಕರ್ನಾಟಕದ ಕಡಲತೀರಗಳು ಸೊರಗಿ, ಮಳೆ ನಿಂತ ಮೇಲೆ ನಿಧಾನವಾಗಿ ಮೈತುಂಬಿಕೊಳ್ಳುವುದು ಅಲ್ಲಿನ ಮೀನುಗಾರರಿಗೆ ತಲೆಮಾರುಗಳಿಂದ ತಿಳಿದ ಸಂಗತಿಯಾದರೂ, ಹೋದ ಮರಳಿನಲ್ಲಿ ಎಷ್ಟು ಹಿಂದಕ್ಕೆ ಬಂತೆಂಬುದು ಕಣ್ಣಂದಾಜಿಗೆ ನಿಲುಕುವುದಿಲ್ಲ. ಆ ಲೆಕ್ಕವನ್ನು ಇಡುವ ವಿದ್ಯೆಯೇ ತೀರದ ಪಾರ್ಶ್ವಚಿತ್ರ ಮಾಪನ. ದಡದ ಮೇಲಿನ ಸ್ಥಿರವಾದ ಗುರುತುಗಲ್ಲಿನಿಂದ ನೀರಿನತ್ತ ಗೆರೆಯೊಂದನ್ನು ಹಿಡಿದು, ಅದರುದ್ದಕ್ಕೂ ಮರಳಿನ ಏರಿಳಿತವನ್ನು ದಾಖಲಿಸಿ, ಅದೇ ಗೆರೆಯನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಳೆಯುವುದು ಇದರ ಕ್ರಮ.

ಇದಕ್ಕೆ ಬೇಕಾದ ಸಲಕರಣೆ ತೀರ ಸರಳ. ಅಮೆರಿಕದ ಸಾಗರ ಭೂವಿಜ್ಞಾನಿ ಕೆ.ಒ. ಎಮರಿ 1961ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಸುಮಾರು ಒಂದೂವರೆ ಮೀಟರ್ ಎತ್ತರದ, ತುದಿಯಿಂದ ಕೆಳಮುಖವಾಗಿ ಅಳತೆ ಗುರುತಿಸಿದ ಎರಡು ಕೋಲುಗಳು ಸಾಕು. ಗೊತ್ತಾದ ಅಂತರದಲ್ಲಿ ಎರಡನ್ನೂ ನೆಟ್ಟಗೆ ನಿಲ್ಲಿಸಿ, ಕಡಲ ಕಡೆಯ ಕೋಲಿನ ತುದಿಯೂ ದಿಗಂತವೂ ಒಂದೇ ಗೆರೆಗೆ ಬರುವಂತೆ ನೋಡಿದಾಗ, ಆ ದೃಷ್ಟಿರೇಖೆ ದಡದ ಕಡೆಯ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಹಾಯುತ್ತದೆಯೋ ಅಷ್ಟೇ ಅವೆರಡರ ನಡುವಿನ ನೆಲದ ಇಳುಕಲು. ಕಡಲೇ ಒದಗಿಸುವ ದಿಗಂತವನ್ನು ಮಟ್ಟರೇಖೆಯಾಗಿಸಿಕೊಂಡದ್ದು ಈ ವಿಧಾನದ ಸೊಗಸು. ಪಡುಗಡಲಿನ ಅಂಚಿನ ಶಾಲೆಗಳ ಮಕ್ಕಳೂ ಇದನ್ನು ಕಲಿಯಬಲ್ಲರು, ಕಲಿಯಬೇಕು ಕೂಡ.

ಒಡೆದ ಅಲೆ ದಡವೇರುವಾಗ ಮರಳನ್ನು ತರುತ್ತದೆ, ಹಿಂಜಾರುವಾಗ ಒಯ್ಯುತ್ತದೆ. ಇವೆರಡರಲ್ಲಿ ಯಾವುದು ಮಿಗುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಲೆಯ ಕಡಿದುತನ, ಅಂದರೆ ಅದರ ಎತ್ತರಕ್ಕೂ ಎರಡು ಅಲೆಗಳ ನೆತ್ತಿಗಳ ನಡುವಿನ ದೂರಕ್ಕೂ ಇರುವ ಅನುಪಾತ. ತಗ್ಗಾದ ಉದ್ದನೆಯ ಅಲೆಗಳು ಬರುವ ಕಾಲದಲ್ಲಿ, ಏರಿದ ನೀರಿನ ಒಂದು ಪಾಲು ಮರಳಿನೊಳಗೆ ಇಂಗಿ ಹಿಂಜಾರುವ ಹರಿವು ಬಲಗುಂದುವುದರಿಂದ ತೀರ ಬೆಳೆಯುತ್ತದೆ. ಮುಂಗಾರಿನ ಎತ್ತರದ, ಒತ್ತೊತ್ತಾದ ಅಲೆಗಳ ಎದುರು ಮರಳು ಮೊದಲೇ ನೀರಿನಿಂದ ತುಂಬಿರುವುದರಿಂದ ಇಂಗಲು ಎಡೆಯಿರುವುದಿಲ್ಲ; ದಡದತ್ತ ರಾಶಿಬಿದ್ದ ನೀರು ತಳದ ಮೂಲಕ ಕಡಲಿಗೆ ಹಿಂತಿರುಗುವಾಗ ಮರಳನ್ನೂ ಸೆಳೆದೊಯ್ದು, ಅಲೆಗಳು ಒಡೆಯುವೆಡೆಯ ಆಸುಪಾಸಿನಲ್ಲಿ ಮುಳುಗಿದ ದಿಣ್ಣೆಯಾಗಿ ಪೇರಿಸುತ್ತದೆ. ಆ ದಿಣ್ಣೆ ಮುಂದಿನ ಅಲೆಗಳನ್ನು ದೂರದಲ್ಲೇ ಒಡೆಸಿ, ತೀರ ಇನ್ನಷ್ಟು ಸವೆಯದಂತೆ ಕಾಯುತ್ತದೆ. ಜುಲೈನಲ್ಲಿ ಬರಿದಾಗಿ ಕಂಡ ತೀರವನ್ನು ನೋಡಿ ಅದು ಅಳಿದೇ ಹೋಯಿತೆನ್ನುವುದು ಅವಸರದ ಮಾತಾಗುವುದು ಇದೇ ಕಾರಣಕ್ಕೆ.

ನೀರಿನಡಿಯ ದಿಣ್ಣೆಯನ್ನು ಕೋಲುಗಳಿಂದ ಅಳೆಯಲಾಗದು. ಅದಕ್ಕೆಂದೇ ಅಮೆರಿಕದ ಉತ್ತರ ಕೆರೊಲಿನಾದ ಡಕ್ ಎಂಬಲ್ಲಿ, ಅಲ್ಲಿನ ಸೇನಾ ಎಂಜಿನಿಯರುಗಳ ದಳವು 1977ರಲ್ಲಿ ಆರಂಭಿಸಿದ ಸಂಶೋಧನಾ ಕೇಂದ್ರದಲ್ಲಿ, ಕಡಲೊಳಕ್ಕೆ ಸುಮಾರು 560 ಮೀಟರ್ ಚಾಚಿದ ಕಟ್ಟೆಯೊಂದರ ಜೊತೆಗೆ, ಸುಮಾರು 10 ಮೀಟರ್ ಎತ್ತರದ ಮೂರು ಕಾಲಿನ ವಾಹನವನ್ನು ಬಳಕೆಗೆ ತರಲಾಯಿತು. ಅದರ ಚಕ್ರಗಳು ಕಡಲತಳದ ಮೇಲೆ ಉರುಳುವಾಗ ಚಾಲಕ ಅಲೆಗಳಿಗಿಂತ ಮೇಲೆ ಕುಳಿತಿರುತ್ತಾನೆ. ದಶಕಗಳ ಕಾಲ ಅವೇ ಗೆರೆಗಳನ್ನು ಅಳೆದು ಬಂದ ಈ ಶ್ರದ್ಧೆಯಿಂದ ಸ್ಪಷ್ಟವಾದ ಸಂಗತಿಯೆಂದರೆ, ಬಿರುಗಾಳಿಯ ಅಲೆಗಳು ದಿಣ್ಣೆಯನ್ನು ಬೇಗನೆ ಹೊರಕ್ಕೆ ತಳ್ಳುತ್ತವೆ, ಶಾಂತ ಅಲೆಗಳು ಅದನ್ನು ದಡದತ್ತ ತರಲು ಅದಕ್ಕಿಂತ ಬಹಳ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ.

ಅಲೆಗಳು ಓರೆಯಾಗಿ ಬಡಿದಾಗ ಮರಳು ತೀರದುದ್ದಕ್ಕೂ ಸಾಗುವುದರಿಂದ ಈ ಲೆಕ್ಕ ಇನ್ನೂ ತೊಡಕಾಗುತ್ತದೆ. ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆಯ ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ, ನಡುವೆ ಅಳಿವೆಯ ಬಾಯಲ್ಲಿ ಕಟ್ಟಿದ ಬ್ರೇಕ್‌ವಾಟರ್‌ಗಳಿವೆ. ಕಡಲ್ಕೊರೆತಕ್ಕೆ ಮನೆ, ತೆಂಗುಗಳನ್ನು ಕಳೆದುಕೊಂಡಿರುವ ಉಳ್ಳಾಲದಲ್ಲಿ, ಹೋದ ಮರಳು ದಿಣ್ಣೆಯಲ್ಲಿದೆಯೋ, ತೀರದುದ್ದಕ್ಕೂ ಸಾಗಿಹೋಯಿತೋ, ನದಿಯಿಂದ ಬರಬೇಕಾದದ್ದೇ ಬರಲಿಲ್ಲವೋ ಎಂಬುದನ್ನು ಬೇರ್ಪಡಿಸಬೇಕಾದರೆ ಅಳಿವೆಯ ಎರಡೂ ಬದಿಗಳನ್ನು ಮುಂಗಾರಿಗೆ ಮುನ್ನವೂ ನಂತರವೂ ಅಳೆಯಬೇಕು. ಕಲ್ಲಿನ ತಡೆಗೋಡೆ ಹಿಂದಿನ ನೆಲವನ್ನು ಉಳಿಸಿದರೂ, ತನ್ನ ಮುಂದಿನ ಮರಳನ್ನು ತಗ್ಗಿಸಬಲ್ಲದು, ತಾನು ಮುಗಿಯುವಲ್ಲಿಂದಾಚೆ ಕೊರೆತವನ್ನು ಹೆಚ್ಚಿಸಬಲ್ಲದು. ಆದ್ದರಿಂದ ಅಳತೆಯ ಗೆರೆಗಳು ಗೋಡೆಯ ಕೊನೆಯ ಕಲ್ಲಿಗೆ ನಿಲ್ಲದೆ ಪಕ್ಕದ ಊರಿನ ತೀರದವರೆಗೂ ಮುಂದುವರಿಯಬೇಕು, ಕಲ್ಲು ಇಳಿಸುವ ಮುನ್ನವೇ ಆರಂಭವಾಗಬೇಕು.